ಗರೀಬ್‌ಗಜ್ ಯಾರನ್ನು ಕಚ್ಚುತ್ತದೆ

ಸೆನೂಬರ್ ಕೂತದ್ದನ್ನು ಕಂಡವರು ದಾಶ್‌ಬುಲಾಖ್ ಊರಿನಲ್ಲಿ ಕಡಿಮೆ. ಚಹಾವನ್ನು ಸಹ ನಿಂತೇ ಕುಡಿಯುವಳು. ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಲೋಟ ಕೈಯಲ್ಲಿ ಹಿಡಿದು, ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಹೋಗಿ ಗೋಡೆಯ ಬಿರುಕು ನೋಡಿ ಬರುವಳು. ಹೊಸ ಬಿರುಕು ಕಂಡರೆ ಮುಗಿಯಿತು, ಲೋಟ ಅಲ್ಲೇ ಕಟ್ಟೆಯ ಮೇಲೆ ಆರುತ್ತ ಕೂರುವುದು, ಇವಳು ಸುಣ್ಣ ಕಲಸಲು ಹೋಗುವಳು. ಇವಳ ಕಾಲಿಗೆ ಚಕ್ರ ಕಟ್ಟಿದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅತ್ತೆ ಗುಲೆಂದಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇವಳು ಸತ್ರೆ ಹೆಣ ಹೊರೋರಿಗೆ ಕಷ್ಟ ಇಲ್ಲ, ತಾನೇ ಎದ್ದು ನಡ್ಕೊಂಡು ಹೋಗ್ತಾಳೆ" ಎನ್ನುವಳು.

ಈ ಚಡಪಡಿಕೆ ಸೆನೂಬರ್ ತವರಿನಿಂದ ತಂದದ್ದಲ್ಲ. ಅದನ್ನು ಅವಳಿಗೆ ಕೊಟ್ಟದ್ದು ಒಂದು ಹುಳ.

ಉಣುಗಿನ ಜಾತಿಯದು ಅದು. ಹಗಲೆಲ್ಲ ಮಣ್ಣುಗೋಡೆಯ ಬಿರುಕಿನಲ್ಲೋ ಕುರಿಹಟ್ಟಿಯ ಕಂಬದ ಸಂದಿಯಲ್ಲೋ ಒಣಗಿದ ಬೇಳೆಯ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಮಲಗಿದವರ ಮೈಮೇಲೆ ಹತ್ತಿ, ಹೊಟ್ಟೆ ತುಂಬ ರಕ್ತ ಕುಡಿದು, ಅವರು ಮಗ್ಗುಲು ಬದಲಿಸುವುದರೊಳಗೆ ತನ್ನ ಬಿರುಕಿಗೆ ವಾಪಸಾಗುತ್ತದೆ. ಮಿಯಾನೆ ಸೀಮೆಯವರು ಅದನ್ನು ಗರೀಬ್‌ಗಜ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗರೀಬ ಎಂದರೆ ಬಡವ. ಅಲ್ಲಿ ಗರೀಬ ಎಂದರೆ ಬೇರೆ ಊರಿನವನು, ಪರದೇಶಿ. ಪರದೇಶಿಯನ್ನು ಕಚ್ಚುವುದೇ ಗರೀಬ್‌ಗಜ್. ಊರವರ ಮೈಯನ್ನು ಅದು ಮೂಸಿಯೂ ನೋಡುವುದಿಲ್ಲವಂತೆ, ಹೊರಗಿನಿಂದ ಬಂದವರನ್ನೇ ಹುಡುಕಿ ಹಿಡಿಯುತ್ತದಂತೆ. ಎಷ್ಟೋ ದಂಡುಗಳು ಈ ದಾರಿಯಲ್ಲಿ ಬಂದು ಜ್ವರ ಹತ್ತಿ ಮಲಗಿದವು, ರೈಲುಹಳಿ ಹಾಕಲು ಬಂದವರು ಮಲಗಿದರು, ನಮಗೆ ಏನೂ ಆಗಲಿಲ್ಲ ಎಂದು ಊರಿನ ಗಂಡಸರು ಮೀಸೆ ತಿರುವಿ ಹೇಳುತ್ತಾರೆ. ಹುಳಕ್ಕೆ ಗುರುತಿನ ಚೀಟಿ ಓದಲು ಯಾರು ಕಲಿಸಿದರು ಎಂದು ಮಾತ್ರ ಯಾರೂ ಕೇಳಲಿಲ್ಲ. ಸೆನೂಬರ್ ಕೂಡ ಕೇಳಲಿಲ್ಲ.

ಅವಳು ಸಮುದ್ರದ ಕಡೆಯವಳು, ಅಸ್ತಾರಾದವಳು. ಲಾರಿ ಓಡಿಸುವ ಹೈಬತ್ ಅಲ್ಲಿ ಮೀನು ತುಂಬಿಸಲು ಹೋದವನು ಹೆಣ್ಣನ್ನೂ ನೋಡಿಕೊಂಡು ಬಂದ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಬಸುರಿ. ಮನೆಯಲ್ಲಿ ಅತ್ಯಂತ ತಂಪಾದ ಮಣ್ಣಿನ ಕೋಣೆಯಲ್ಲಿ, ಕುರಿಹಟ್ಟಿಗೆ ತಾಗಿದ ಗೋಡೆಯ ಪಕ್ಕ, ಅವಳಿಗೆ ಹಾಸಿಗೆ ಹಾಸಿದರು. ಜ್ವರ ಬಂತು. ಮೈ ಸುಟ್ಟು ಹೋಗುವಂಥ ಜ್ವರ, ಮೂಳೆ ಮುರಿಯುವಂಥ ನಡುಕ. ಕೆಲವು ದಿನಕ್ಕೆ ತಾನಾಗಿಯೇ ಇಳಿಯಿತು. ದೇವರು ದೊಡ್ಡವನು ಎಂದುಕೊಂಡು ಎದ್ದು ಹಿಟ್ಟು ನಾದಿದಳು, ಕುರಿ ಕರೆದಳು. ವಾರ ಕಳೆಯುತ್ತಲೇ ಅದೇ ಜ್ವರ ಮರಳಿ ಬಂತು. ಈ ಸಲ ಹೋಗುವಾಗ ಹೊಟ್ಟೆಯಲ್ಲಿದ್ದದ್ದನ್ನು ತೆಗೆದುಕೊಂಡೇ ಹೋಯಿತು.

ಗುಲೆಂದಾಮ್ ಅಳಲಿಲ್ಲ, ಸೊಸೆಯ ತಲೆ ನೇವರಿಸಲಿಲ್ಲ. ಬಾಗಿಲ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಗರೀಬ್‌ಗಜ್‌ಗೆ ನಮ್ಮೋರು ಯಾರು, ಬಂದೋರು ಯಾರು ಅಂತ ಚೆನ್ನಾಗಿ ಗೊತ್ತು."

ಆ ಮಾತು ಸೆನೂಬರಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಆಮೇಲೆ ಮಗ ಯಾಶಾರ್ ಹುಟ್ಟಿದ, ಹಲ್ಲು ಹುಟ್ಟುವಾಗ ಎಲ್ಲ ಮಕ್ಕಳಂತೆ ಅವನಿಗೂ ಜ್ವರ ಬಂದು ಹೋಗಿ ಬಂದು ಹೋಯಿತು, ಬೆಳೆದ, ತೆಹ್ರಾನಿಗೆ ಹೋಗಿ ರೈಲ್ವೆಯಲ್ಲಿ ಕೆಲಸ ಹಿಡಿದ. ಸೆನೂಬರ್ ಊರಿನ ಆರೋಗ್ಯ ಮನೆಯ ಕೆಲಸಕ್ಕೆ ಸೇರಿದಳು. ಊರಿನ ಅರ್ಧ ಮಕ್ಕಳಿಗೆ ಲಸಿಕೆ ಹಾಕಿದ ಕೈ ಅವಳದು. ಆದರೂ ನೀರಿನ ಜಗಳವಾದಾಗ, ಮದುವೆಮನೆಯಲ್ಲಿ ಯಾರು ಮುಂದೆ ಕೂರಬೇಕು ಎಂದಾಗ, ಯಾರಾದರೂ ಒಬ್ಬರು "ಬಿಡಮ್ಮ, ಗರೀಬ್‌ಗಜ್ ಕಚ್ಚಿಸ್ಕೊಂಡೋಳು" ಎನ್ನದೆ ಇರುತ್ತಿರಲಿಲ್ಲ. ಇವಳು ಹೊರಟು ಹೋಗಿ ಯಾವುದೋ ಬಿರುಕಿಗೆ ಸುಣ್ಣ ಮೆತ್ತುವಳು.

ಹೀಗಿರುವಾಗ ತೆಹ್ರಾನಿನಿಂದ ಡಾಕ್ಟರ್ ಬೆಹ್ನೂಶ್ ಬಂದರು. ಸಣ್ಣ ಹೆಂಗಸು, ದಪ್ಪ ಕನ್ನಡಕ, ಹತ್ತಿರದ ಪೇಟೆ ಮಿಯಾನೆಯಲ್ಲಿ ಎರಡು ಕೋಣೆಯ ಪ್ರಯೋಗಶಾಲೆ. ಅವರಿಗೆ ಬೇಕಾದದ್ದು ಗರೀಬ್‌ಗಜ್, ಅದೂ ಜೀವಂತ. ಊರವರು ನಕ್ಕರು. ಸೆನೂಬರ್ ಚಿಮಟ ತೆಗೆದುಕೊಂಡು ಮುಂದೆ ಹೋದಳು. ಬಿರುಕಿಗೆ ಬಾಯಿಟ್ಟು ಮೆಲ್ಲಗೆ ಉಸಿರು ಬಿಡುತ್ತ ಕಾದರೆ, ಯಾರೋ ಮಲಗಿದ್ದಾರೆ ಎಂದುಕೊಂಡು ಹುಳಗಳು ಹೊರಬರುತ್ತವೆ. ಅವನ್ನು ಒಂದೊಂದಾಗಿ ಹಿಡಿದು ಗಾಜಿನ ಕೊಳವೆಗೆ ಹಾಕುವಳು. ತನ್ನ ಮಗುವನ್ನು ತಿಂದ ಜಾತಿಯ ಮುಖಕ್ಕೆ ಮುಖ ಕೊಟ್ಟು ಉಸಿರಾಡುವುದು ಅವಳಿಗೆ ಒಂಥರಾ ಸಮಾಧಾನ ಕೊಡುತ್ತಿತ್ತು.

"ಇದಕ್ಕೆ ಲಸಿಕೆ ಮಾಡೋಕಾಗಲ್ವಾ ಡಾಕ್ಟರಮ್ಮ?" ಎಂದು ಒಮ್ಮೆ ಕೇಳಿದಳು.

"ಕಷ್ಟ ಸೆನೂಬರ್. ಈ ಹುಳದ ಹೊಟ್ಟೇಲಿ ಬರೋ ರೋಗಾಣು ಇದೆಯಲ್ಲ, ಅದು ಜಾಣ ಕಳ್ಳ. ನಮ್ಮ ರಕ್ತ ಅದರ ಗುರುತು ಹಿಡಿದು ಅಟ್ಟಿಸ್ಕೊಂಡು ಹೋಗೋ ಹೊತ್ತಿಗೆ ಅಂಗಿ ಬದಲಾಯಿಸಿ ಮತ್ತೆ ಬರುತ್ತೆ. ಅದಕ್ಕೇ ಜ್ವರ ಹೋಗಿ ಹೋಗಿ ಬರೋದು. ಯಾವ ಅಂಗಿ ನೋಡಿ ಲಸಿಕೆ ಮಾಡೋದು?"

"ಮತ್ತೆ ನಾವು ಮಾಡ್ತಿರೋದೇನು?"

"ಕಳ್ಳ ಮನೆಗೆ ಬಂದಿದ್ದಾನೋ ಇಲ್ವೋ ಅಂತ ಹೇಳೋ ಒಂದು ಕಾಗದದ ಪಟ್ಟಿ."

ಜ್ವರ ಏರಿದಾಗ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ನೋಡಿದರೆ ರೋಗಾಣು ಸುರುಳಿ ಕೂದಲಿನ ಹಾಗೆ ಕಾಣುತ್ತದೆ. ಆದರೆ ಹಳ್ಳಿಯವರು ಕೆಲಸ ಬಿಟ್ಟು, ಗಾಡಿ ಹುಡುಕಿ, ಪೇಟೆ ಸೇರುವ ಹೊತ್ತಿಗೆ ಜ್ವರ ಇಳಿದಿರುತ್ತದೆ, ಗಾಜು ಸ್ವಚ್ಛವಾಗಿರುತ್ತದೆ. ನಿನಗೇನೂ ಇಲ್ಲ ಹೋಗಮ್ಮ ಎಂದು ಕಳಿಸುತ್ತಾರೆ. ಎರಡನೆಯ ಜ್ವರ ಮನೆಯಲ್ಲಿ ಕಾಯುತ್ತಿರುತ್ತದೆ. ಬೆಹ್ನೂಶರ ಕಾಗದದ ಪಟ್ಟಿ ರೋಗಾಣುವನ್ನಲ್ಲ, ಅದು ರಕ್ತದಲ್ಲಿ ಬಿಟ್ಟುಹೋದ ಹೆಜ್ಜೆಯನ್ನು ಹಿಡಿಯುವಂಥದು. ಬೆರಳು ಚುಚ್ಚಿ ಒಂದು ಹನಿ ಹಾಕಿದರೆ ಒಂದು ಗೆರೆ ಎಲ್ಲರಿಗೂ ಮೂಡುತ್ತದೆ, ಪಟ್ಟಿ ಕೆಟ್ಟಿಲ್ಲ ಎನ್ನಲು. ಎರಡನೆಯ ಗೆರೆ ಮೂಡಿದರೆ ಕಳ್ಳ ಬಂದಿದ್ದಾನೆ, ಇಲ್ಲವೇ ಎಂದೋ ಬಂದು ಹೋಗಿದ್ದಾನೆ.

ವರ್ಷಗಟ್ಟಲೆ ದುಡಿದು ಪಟ್ಟಿ ಮಾಡಿದರು. ಮೊದಮೊದಲು ಗೆರೆಯೇ ಮೂಡದೆ, ಮೂಡಿದರೆ ಮಸುಕಾಗಿ, ಬಿಸಿಲಿಗೆ ಹಾಳಾಗಿ, ಅಂತೂ ಇಂತೂ ಗೆರೆ ಗಟ್ಟಿಯಾಯಿತು. ಇನ್ನು ಉಳಿದದ್ದು ಕೊನೆಯ ಪರೀಕ್ಷೆ. ಕಚ್ಚಿಸಿಕೊಂಡವರ ಪಕ್ಕದಲ್ಲಿ ಕಚ್ಚಿಸಿಕೊಳ್ಳದವರನ್ನೂ ಇಟ್ಟು ನೋಡಬೇಕು. ಅದಕ್ಕೆ ಸೆನೂಬರ್ ಚೀಲ ಹೆಗಲಿಗೇರಿಸಿ ಮನೆಮನೆಗೂ ಹೋದಳು. ಪ್ರತಿ ಬಾಗಿಲಲ್ಲೂ ಬೆರಳು ಚುಚ್ಚಿ ಒಂದು ಹನಿ ರಕ್ತ, ಜೊತೆಗೆ ಒಂದೇ ಪ್ರಶ್ನೆ: "ನಿಮ್ಮನ್ನಾಗಲಿ ನಿಮ್ಮ ಮಕ್ಕಳನ್ನಾಗಲಿ ಗರೀಬ್‌ಗಜ್ ಕಚ್ಚಿದೆಯಾ?"

"ನಮ್ಮನ್ನಾ? ನಾವು ಇಲ್ಲೇ ಹುಟ್ಟಿದೋರಮ್ಮ."

"ಥೂ, ಬಿಡ್ತು ಅನ್ನು. ಇದೇನು ಕೇಳೋ ಮಾತಾ?"

ಕೆಳಕೇರಿಯ ತಾವೂಸ್ ಎಂಬ ಮುದುಕಿಯಂತೂ ಕಾಲಿನ ಚಪ್ಪಲಿ ತೆಗೆದು ಎಸೆದಳು. "ನನ್ನ ಮಕ್ಕಳನ್ನ ಕಚ್ಚಿದೆಯಾ ಅಂತ ಕೇಳೋಕೆ ನಿನಗೆಷ್ಟು ಕೊಬ್ಬು? ಪರದೇಶಿ ಮುಂಡೇದೆ."

ಸೆನೂಬರ್ ಚಪ್ಪಲಿಯನ್ನು ಎತ್ತಿ ಹೊಸ್ತಿಲಲ್ಲಿ ಜೋಡಿಸಿಟ್ಟು, "ಇಲ್ಲ" ಎಂದು ಬರೆದುಕೊಂಡು ಬಂದಳು. ಇಲ್ಲ, ಇಲ್ಲ, ಇಲ್ಲ. ಬರೆಯುವಾಗ ಪ್ರತಿ ಸಲವೂ ಎದೆಯ ಮುಳ್ಳು ಸ್ವಲ್ಪ ಆಳಕ್ಕೆ ಇಳಿಯುತ್ತಿತ್ತು, ಹಾಗಾಗಿಯೇ ಅವಳು ಅದನ್ನು ನಂಬಿದಳು. ನೋವು ಕೊಡುವ ಮಾತು ನಿಜವೇ ಇರಬೇಕು ಎಂದು ನಂಬುವವರ ಪೈಕಿ ಅವಳೂ ಒಬ್ಬಳು.

ಫಲಿತಾಂಶ ಬಂತು. ಎಂದೂ ಕಚ್ಚಿಸಿಕೊಂಡಿಲ್ಲ ಎಂದವರ ರಕ್ತದಲ್ಲಿ, ಹತ್ತು ಜನರಲ್ಲಿ ಏಳೆಂಟು ಜನಕ್ಕೆ, ಎರಡು ಗೆರೆ. ತೆಹ್ರಾನಿನ ಮೇಲಿನ ಅಧಿಕಾರಿಗಳು ಬೆಹ್ನೂಶರಿಗೆ ಪತ್ರ ಬರೆದರು: ನಿಮ್ಮ ಪಟ್ಟಿ ಸುಳ್ಳು ಹೇಳುತ್ತದೆ, ಶರತ್ಕಾಲದೊಳಗೆ ಕಾರಣ ಹೇಳಿ, ಇಲ್ಲವಾದರೆ ನಿಲ್ಲಿಸಿ. ಬೆಹ್ನೂಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮೂರಿನ ಬೆಕ್ಕಿಗೆ ಹಾಕಿದ್ರೂ ಎರಡು ಗೆರೆ ಬರುತ್ತೇನೋ" ಎಂದರು. ಸೆನೂಬರ್ ಆ ದಿನ ಮಿಯಾನೆಯಿಂದ ಬಸ್ಸು ಹತ್ತದೆ ಅರ್ಧ ದಾರಿ ನಡೆದೇ ಬಂದಳು.

ಆ ಬೇಸಿಗೆಯಲ್ಲೇ ಯಾಶಾರ್ ತನ್ನ ಹೆಂಡತಿ ತರಾನೆಯನ್ನು ಊರಿಗೆ ಕರೆತಂದು ಬಿಟ್ಟು ಹೋದ. ತೆಹ್ರಾನಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಈ ಕಡೆ ಬಂದದ್ದು ಇದೇ ಮೊದಲು. ಐದು ತಿಂಗಳ ಬಸುರಿ. ಅಲ್ಲಿಯ ಹೊಗೆ, ಸೆಕೆ ಬೇಡ, ಇಲ್ಲಿ ತಂಪಾಗಿ ಇರಲಿ ಎಂದು ಅವನ ಲೆಕ್ಕ. ತಾಯಿಯನ್ನು ಕೇಳದೆ ಹಾಕಿದ ಲೆಕ್ಕ. ಸೊಸೆ ಕಾರಿನಿಂದ ಇಳಿದ ಗಳಿಗೆಯಿಂದ ಸೆನೂಬರಳಿಗೆ ನಿದ್ದೆ ಇಲ್ಲ, ಊಟ ರುಚಿಸದು. ಸಿಮೆಂಟಿನ ಹೊಸ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿದಳು, ಮಂಚದ ಕಾಲುಗಳನ್ನು ನೀರಿನ ಡಬ್ಬಿಗಳಲ್ಲಿ ಇಳಿಸಿದಳು, ದಿನಕ್ಕೆರಡು ಸಲ ಹೊದಿಕೆ ಕೊಡವಿದಳು.

"ಅತ್ತೆ, ನಾನು ಸಾಮಾನಲ್ಲ, ಮನುಷ್ಯಳು" ಎಂದು ತರಾನೆ ನಗುವಳು. ಮಧ್ಯಾಹ್ನ ಸಿಮೆಂಟಿನ ಕೋಣೆ ಕಾದಾಗ, ಸೆನೂಬರ್ ಕೆಲಸಕ್ಕೆ ಹೋದದ್ದು ನೋಡಿಕೊಂಡು, ಮೆಲ್ಲಗೆ ಅಜ್ಜಿಯ ಮಣ್ಣಿನ ಕೋಣೆಗೆ ಹೋಗಿ ಮಲಗಿಬಿಡುವಳು. ಯಾಕಾಗಬಾರದು? ತಂಪಾಗಿತ್ತು, ಅಜ್ಜಿ ತಲೆ ನೇವರಿಸುತ್ತಿದ್ದಳು.

ಒಂದು ಬೆಳಿಗ್ಗೆ ಗುಲೆಂದಾಮ್ ಲವಾಶ್ ರೊಟ್ಟಿಯಲ್ಲಿ ಗಿಣ್ಣು, ಸೊಪ್ಪು ಸುತ್ತಿ ಮೊಮ್ಮಗನ ಹೆಂಡತಿಗೆ ಕೊಡುತ್ತಿದ್ದಳು. ಅವಳ ಕೈ ಯಾಕೋ ಆತುರ ಮಾಡಿದಂತೆ ಕಂಡಿತು. ಸೆನೂಬರ್ ನಡುವೆ ಕೈಹಾಕಿ ಕಸಿದು ಬಿಚ್ಚಿ ನೋಡಿದಳು. ಸೊಪ್ಪಿನ ನಡುವೆ ಜಜ್ಜಿದ ಗರೀಬ್‌ಗಜ್.

"ಇದೇನಿದು ಅತ್ತೆ?"

"ಮದ್ದು. ಬಂದೋರು ಒಂದು ನುಂಗಿಬಿಟ್ರೆ ಅದು ಕಚ್ಚಲ್ಲ. ನಮ್ಮಜ್ಜಿ ಕಾಲದಿಂದ ಇದೆ. ನಿನಗೂ ತಿನ್ಸಿದ್ದೆ."

"ನನಗಾ? ಯಾವಾಗ?"

"ನೀನು ಬಂದ ದಿನ, ಹಲ್ವಾದಲ್ಲಿ. ಚೆನ್ನಾಗಿದೆ ಅಂತ ಇನ್ನೊಂದು ತುತ್ತು ಹಾಕಿಸ್ಕೊಂಡೆ."

"ಮತ್ತೆ ನನಗೆ ಜ್ವರ ಯಾಕೆ ಬಂತು?"

ಗುಲೆಂದಾಮ್ ಜಜ್ಜಿದ ಹುಳವನ್ನು ಬಗ್ಗಿ ನೋಡಿದಳು. "ಹುಳ ಚಿಕ್ಕದಿತ್ತು."

ತರಾನೆ ಬಿದ್ದು ಬಿದ್ದು ನಕ್ಕಳು. ಸೆನೂಬರ್ ಫೋನಿನಲ್ಲಿ ಹೇಳಿದಾಗ ಬೆಹ್ನೂಶ್ ಕೂಡ, ಎಷ್ಟೋ ದಿನದ ಮೇಲೆ, ನಕ್ಕರು. "ಲಸಿಕೆ ನಮ್ಮ ಕೈಲಿ ಆಗಲ್ಲ ಅಂದಿದ್ದೆ. ನಿಮ್ಮತ್ತೆ ಆಗಲೇ ಮಾಡಿ ಮುಗಿಸಿದಾರೆ."

ಆ ನಗು ವಾರದೊಳಗೆ ಒಣಗಿತು. ಕೆಲಸದಿಂದ ಬಂದ ಸೆನೂಬರಳಿಗೆ ಮಣ್ಣಿನ ಕೋಣೆಯಲ್ಲಿ ಗಡಗಡ ನಡುಗುತ್ತಿದ್ದ ಸೊಸೆ ಕಂಡಳು. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಹೈಬತ್ ಲಾರಿಯೊಂದಿಗೆ ತೆಂಕಣ ಬಂದರಿನಲ್ಲಿದ್ದ, ಯಾಶಾರನಿಗೆ ರಜೆ ಇರಲಿಲ್ಲ, ಕೆಳಗಿನ ಸೇತುವೆ ದುರಸ್ತಿಗೆಂದು ರಸ್ತೆ ಕಟ್ಟಿದ್ದರು. ಸುತ್ತು ಹಾದಿಯಲ್ಲಿ ಗಾಡಿ ಹೊಂದಿಸಿ ಮಿಯಾನೆಯ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ, ಆಗಬಾರದ್ದೇ ಆಯಿತು: ಜ್ವರ ಇಳಿದಿತ್ತು. ತರಾನೆ ಗಾಡಿಯಲ್ಲಿ ಏಪ್ರಿಕಾಟ್ ತಿನ್ನುತ್ತ ಬಂದಳು.

ಗಾಜಿನ ಮೇಲೆ ರಕ್ತ ಹರಡಿ ನೋಡಿದರು. ಸ್ವಚ್ಛ. ಸೆನೂಬರ್ ಪಟ್ಟಿ ತೆಗೆದು ಹನಿ ಹಾಕಿದಳು. ಎರಡು ಗೆರೆ, ಎರಡೂ ಗಟ್ಟಿ.

ಹೆರಿಗೆ ವಿಭಾಗದ ಡಾಕ್ಟರು ವಯಸ್ಸಾದವರು, ಕೆಟ್ಟವರೇನಲ್ಲ. "ನೋಡಿ, ಇದು ಹಸಿ ಗಿಣ್ಣಿನಿಂದ ಬರೋ ಮಾಲ್ಟಾ ಜ್ವರಾನೂ ಇರಬಹುದು. ಅದರ ಮದ್ದೇ ಬೇರೆ. ಪರೀಕ್ಷೆಗೆ ಕಳಿಸ್ತೀನಿ, ವರದಿ ಬರಲಿ. ನಿಮ್ಮ ಗರೀಬ್‌ಗಜ್ ಜ್ವರವೇ ಆಗಿದ್ರೂ ಮದ್ದು ಅಷ್ಟು ಸಲೀಸಲ್ಲ. ಮದ್ದು ಬಿದ್ದ ಕೂಡಲೇ ರೋಗಾಣುಗಳೆಲ್ಲ ಒಟ್ಟಿಗೆ ಸಾಯುತ್ವೆ, ಮೈ ಅದುರಿಹೋಗೋ ನಡುಕ ಬರುತ್ತೆ. ಬಸುರೀಲಿ ಅದನ್ನ ಸುಮ್‌ಸುಮ್ನೆ ತರಿಸೋಕಾಗಲ್ಲ. ಪಟ್ಟಿ ನಂಬಬಹುದು ಅಂತ ಡಾಕ್ಟರ್ ಬೆಹ್ನೂಶ್ ಹೇಳಲಿ, ಈಗಲೇ ಹಾಸಿಗೆ ಕೊಡ್ತೀನಿ."

ಬೆಹ್ನೂಶ್ ಅಲ್ಲೇ ನಿಂತಿದ್ದರು. "ಹೇಳೋಕಾಗಲ್ಲ ಸೆನೂಬರ್. ಕಚ್ಚಿಸ್ಕೊಳ್ಳದೋರಿಗೂ ಎರಡು ಗೆರೆ ತೋರಿಸೋ ಪಟ್ಟಿ. ಅದನ್ನ ನಂಬಿ ಬಸುರೀಗೆ ಏನಾದ್ರೂ ಆದ್ರೆ?"

"ನಂಬದೆ ಆದ್ರೆ?"

ಮತ್ತೆ ಜ್ವರ ಬಂದರೆ ತಕ್ಷಣ ಕರೆತನ್ನಿ ಎಂದರು ಬೆಹ್ನೂಶ್. ಮತ್ತೆ ಜ್ವರ ಬಂದರೆ ಕರೆತರುವುದು ಯಾರನ್ನು, ಎಷ್ಟು ಜೀವವನ್ನು ಎಂದು ಸೆನೂಬರಳಿಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ಅವಳ ಕಾಲು ನಿಲ್ಲಲಿಲ್ಲ. ಅಂಗಳ, ಹಟ್ಟಿ, ಮಾಳಿಗೆ, ಮತ್ತೆ ಅಂಗಳ. ಸುಣ್ಣ ಕಲಸಿದಳು, ಮೆತ್ತದೆ ಬಿಟ್ಟಳು. ಚಹಾ ಕಾಯಿಸುವ ಸಮೋವರಿಗೆ ನೀರು ತುಂಬಿದಳು, ಬೆಂಕಿ ಹಚ್ಚುವುದನ್ನು ಮರೆತಳು. ತರಾನೆ ಚೆನ್ನಾಗಿದ್ದಳು, ಹಾಡು ಗುನುಗುತ್ತ ಕೂಸಿಗೆ ಟೋಪಿ ಹೆಣೆಯುತ್ತಿದ್ದಳು. ಆ ಹಾಡು ಕೇಳಲಾರದೆ ಸೆನೂಬರ್ ಬೀದಿಗೆ ಹೋದಳು, ಬೀದಿಯಲ್ಲಿ ನಿಲ್ಲಲಾರದೆ ಒಳಗೆ ಬಂದಳು. ತಾನು ಕೂಡ ಹೀಗೆಯೇ, ಎರಡು ಜ್ವರದ ನಡುವಿನ ಈ ಹಾಳು ನೆಮ್ಮದಿಯಲ್ಲಿ, ಹಾಡಿಕೊಂಡು ಹಿಟ್ಟು ನಾದಿದ್ದಳಲ್ಲ.

ಗುಲೆಂದಾಮ್ ಅಂಗಳದ ಮಲ್ಬರಿ ಮರದಡಿ ಏಪ್ರಿಕಾಟ್ ಸೀಳಿ ಬೀಜ ತೆಗೆಯುತ್ತಿದ್ದಳು. "ಕೂತ್ಕೊಳ್ಳೇ, ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ. ಜ್ವರ ಹೋಯ್ತಲ್ಲ."

ಅಷ್ಟಕ್ಕೆ ಸೆನೂಬರಳ ಸಹನೆಯ ಕಟ್ಟೆ ಒಡೆಯಿತು.

"ಹೋಗಿಲ್ಲ ಅತ್ತೆ. ನಿಮಗೂ ಗೊತ್ತು ಹೋಗಿಲ್ಲ ಅಂತ. ಪಟ್ಟೀಲಿ ಎರಡು ಗೆರೆ ಬಂದಿದೆ. ಆದ್ರೆ ಈ ಊರಲ್ಲಿ ಎಲ್ಲರಿಗೂ ಎರಡು ಗೆರೆ ಬರುತ್ತೆ, ಒಂದು ದಿನಾನೂ ಕಚ್ಚಿಸ್ಕೊಳ್ಳದ ನಿಮ್ಮೋರಿಗೆಲ್ಲ ಬರುತ್ತೆ. ಅದಕ್ಕೇ ಪಟ್ಟಿ ಸುಳ್ಳುಬುರುಕ ಅಂತ ಡಾಕ್ಟರು ಮದ್ದು ಕೊಡ್ತಿಲ್ಲ. ನಿಮ್ಮ ಹುಳಕ್ಕೆ ನಿಮ್ಮೋರು ಯಾರು ಅಂತ ಗೊತ್ತಂತಲ್ಲ, ಪಟ್ಟಿಗೆ ಗೊತ್ತಿಲ್ಲ. ನನ್ನದು ಹೋಯ್ತು. ಈಗ ಇವಳದೂ ಹೋಗಲಿ, ಪರದೇಶಿದು ತಾನೇ."

ಮುದುಕಿಯ ಚಾಕು ಹಣ್ಣಿನ ನಡುವೆ ನಿಂತಿತು.

"ಕಚ್ಚಿಲ್ಲ ಅಂತ ಯಾರಂದ್ರು?"

"ಎಲ್ಲರೂ. ನಾನು ಬಾಗಿಲು ಬಾಗಿಲಿಗೂ ಹೋಗಿ ಕೇಳಿದೆ. ಮೊದಲು ನಿಮ್ಮನ್ನೇ ಕೇಳಿದ್ದು. ನೀವೂ ಇಲ್ಲ ಅಂದ್ರಿ."

"ಏನಂತ ಕೇಳಿದೆ?"

"ನಿಮ್ಮನ್ನಾಗಲಿ ನಿಮ್ಮ ಮಕ್ಕಳನ್ನಾಗಲಿ ಗರೀಬ್‌ಗಜ್ ಕಚ್ಚಿದೆಯಾ ಅಂತ."

"ಹಾಗೆ ಕೇಳಿದ್ರೆ ಯಾವ ತಾಯಿ ಹೌದು ಅಂತಾಳೆ, ದಡ್ಡಿ?" ಗುಲೆಂದಾಮಳ ದನಿ ತಗ್ಗಿತು. ಅವಳು ತರಾನೆ ಕೂತ ಕಡೆ ನೋಡಿ, ಮತ್ತೆ ಬಟ್ಟಲು ನೋಡಿದಳು. "ಗರೀಬ್‌ಗಜ್ ಯಾರನ್ನ ಕಚ್ಚುತ್ತೆ?"

"ಪರದೇಶೀನ."

"ತೊಟ್ಟಿಲಲ್ಲಿರೋ ಮಗೂನ ಕಚ್ಚಿದ್ರೆ?"

ಸೆನೂಬರ್ ಮರದ ಹತ್ತಿರಕ್ಕೆ ಬಂದಳು.

"ಆ ಮಗು ಯಾರದು ಅಂತ ಕೇಳ್ತಾರೆ ಕಣೇ. ಈ ಮನೆ ರಕ್ತ ಆಗಿದ್ರೆ ಹುಳ ಮುಟ್ತಿರಲಿಲ್ಲ ಅಂತಾರೆ. ಎಲ್ಲಿಂದ ತಂದೆ ಇದನ್ನ, ಯಾವ ದಾರಿಹೋಕಂದು ಅಂತಾರೆ. ಅದಕ್ಕೆ ನಾವ್ಯಾರೂ ಆ ಹೆಸರು ಎತ್ತಲ್ಲ. ಹಲ್ಲು ಜ್ವರ ಅಂತೀವಿ. ಬೇಸಿಗೆ ನಡುಕ ಅಂತೀವಿ. ಬದುಕಿದ ಮಕ್ಕಳು ಬದುಕ್ತಾವೆ, ಆಮೇಲೆ ಹುಳ ಎಷ್ಟು ಕಚ್ಚಿದ್ರೂ ಅವಕ್ಕೆ ಏನೂ ಆಗಲ್ಲ. ಸತ್ತಿದ್ದು ಹಲ್ಲು ಬರದೆ ಸತ್ತಿತು ಅಂತ ಮಣ್ಣು ಮಾಡ್ತೀವಿ."

ಮರದಿಂದ ಹಣ್ಣೊಂದು ಬಟ್ಟಲಿಗೆ ಬಿತ್ತು. ಗುಲೆಂದಾಮ್ ಅದನ್ನು ಎತ್ತಿ ಪಕ್ಕಕ್ಕಿಟ್ಟಳು.

"ನನ್ನ ಮೊದಲ್ನೇದು ಹೆಣ್ಣು. ಹೈಬತ್‌ಗಿಂತ ಮುಂಚೆ. ಮರಾಲ್ ಅಂತ. ಎರಡು ಹಲ್ಲು ಆಗಲೇ ಬಂದಿತ್ತು ಅವಳಿಗೆ, ಹಲ್ಲು ಜ್ವರ ಎಲ್ಲಿಂದ ಬರಬೇಕು? ತೊಟ್ಟಿಲ ಬಟ್ಟೆ ಕೊಡವಿದಾಗ ರಕ್ತ ಕುಡಿದು ದುಂಡಗಾಗಿದ್ದವು ಪಟಪಟ ಬಿದ್ವು. ನನ್ನತ್ತೆ ಬಾಗಿಲ ಹತ್ರ ಬರ್ತಿದ್ಲು. ಕಾಲಲ್ಲಿ ಹೊಸಕಿ ಮಣ್ಣು ಎಳೆದುಬಿಟ್ಟೆ. ಬರಿಗಾಲು. ಬಿಸಿ ಇತ್ತು ರಕ್ತ." ಅವಳು ಬೆರಳು ಒರೆಸಿಕೊಂಡಳು. "ನಿನ್ನದು ಹೋದಾಗ ನಿನ್ನ ಪಕ್ಕ ಕೂತ್ಕೊಂಡಿದ್ರೆ ನನ್ನ ಬಾಯಿಂದ ಅದು ಬಿದ್ದುಬಿಡ್ತಿತ್ತು. ಅದಕ್ಕೇ ಹೊಸ್ತಿಲಲ್ಲೇ ನಿಂತು, ಊರು ಹೇಳೋ ಆ ಮಾತೇ ಹೇಳಿಬಿಟ್ಟೆ."

ಸೆನೂಬರಳಿಗೆ ಸಿಟ್ಟು ಬಂತು. ಇಷ್ಟು ವರ್ಷ, ಒಂದೇ ಸೂರಿನಡಿ, ಒಂದೇ ದುಃಖವನ್ನು ಇಬ್ಬರೂ ಬೇರೆ ಬೇರೆ ಒಲೆಯಲ್ಲಿ ಬೇಯಿಸಿಕೊಂಡು ತಿಂದಿದ್ದರು. ಅತ್ತೆಯ ಎರಡೂ ಭುಜ ಹಿಡಿದು ಅಲುಗಿಸಬೇಕು ಅನ್ನಿಸಿತು, ಕಾಲಿಗೆ ಬೀಳಬೇಕು ಎಂದೂ ಅನ್ನಿಸಿತು. ಯಾಶಾರನ ಹಲ್ಲು ಜ್ವರ ನೆನಪಾಯಿತು. ಆಗ ಅವನ ಪಕ್ಕ ಕೂತು ಹಾಡಿದವಳು ತಾನೇ. ಆದರೆ ಇದಕ್ಕೆಲ್ಲ ಪುರುಸೊತ್ತಿಲ್ಲ. ಅವಳ ತಲೆ ಆಗಲೇ ಓಡುತ್ತಿತ್ತು. ಊರವರಿಗೆಲ್ಲ ಕಚ್ಚಿದೆ. ಹಾಗಾದರೆ ಪಟ್ಟಿ ಒಂದು ಸಲವೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ಊರು. ಹೋದ ತಿಂಗಳವರೆಗೆ ಈ ಮಣ್ಣು ಮೆಟ್ಟದ ತರಾನೆಯ ರಕ್ತದಲ್ಲಿ ಎರಡು ಗೆರೆ ಬಂದರೆ ಅದಕ್ಕೆ ಅರ್ಥ ಒಂದೇ.

"ಅತ್ತೆ, ಇದನ್ನ ಡಾಕ್ಟರ ಮುಂದೆ ಹೇಳ್ತೀರಾ?"

ಗುಲೆಂದಾಮ್ ಮೊಣಕಾಲು ಹಿಡಿದು ಎದ್ದಳು. ಒಳಗೆ ಹೋದಳು. ಬರುವುದಿಲ್ಲ ಎಂದುಕೊಂಡಳು ಸೆನೂಬರ್. ಮುದುಕಿ ಹೊರಬಂದಾಗ ಹಬ್ಬಕ್ಕೆ ಹೊದೆಯುವ ಬಿಳಿ ಚಾದರ್ ಹೊದ್ದಿದ್ದಳು. "ಗಾಡಿ ಕರೆಸು. ಆ ಟೋಪಿ ಹೆಣೆಯೋಳಿಗೂ ಹೇಳು, ಏಳು ಅಂತ."

ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರು, ಬೆಹ್ನೂಶ್, ಒಬ್ಬ ನರ್ಸು, ಬಾಗಿಲಲ್ಲಿ ಇಣುಕುವ ನಾಲ್ಕು ಜನ. ಅವರಲ್ಲಿ ಇಬ್ಬರು ದಾಶ್‌ಬುಲಾಖ್‌ನವರೇ. ಸೆನೂಬರ್ ಬಾಗಿಲು ಮುಚ್ಚಲು ಹೋದಳು, ಗುಲೆಂದಾಮ್ ಬೇಡ ಎಂದು ಕೈ ಮಾಡಿದಳು. ಕುರ್ಚಿಯಲ್ಲಿ ಕೂತು, ಚಾದರದೊಳಗಿಂದ ಬೆರಳು ಚಾಚಿದಳು. "ಚುಚ್ಚಮ್ಮ."

ಬೆಹ್ನೂಶ್ ಚುಚ್ಚಿದರು. ಹನಿ ಹಾಕಿದರು. ಎಲ್ಲರೂ ಕಾದರು. ಎರಡು ಗೆರೆ.

"ಬರ್ಕೊಳ್ಳಿ," ಎಂದಳು ಮುದುಕಿ. "ನಾನು ಹೈದರನ ಮಗಳು ಗುಲೆಂದಾಮ್, ದಾಶ್‌ಬುಲಾಖ್‌ನಲ್ಲೇ ಹುಟ್ಟಿದೋಳು. ನನ್ನನ್ನ ಗರೀಬ್‌ಗಜ್ ಕಚ್ಚಿದೆ. ನನ್ನ ಮಗಳು ಮರಾಲ್‌ನ ಕಚ್ಚಿ ಕೊಂದಿದೆ." ಬಾಗಿಲ ಕಡೆ ತಿರುಗಿದಳು. "ಅವಳು ನನ್ನ ಗಂಡನ ಮಗಳೇ. ಯಾರಿಗಾದ್ರೂ ಅನುಮಾನ ಇದ್ರೆ ಈಗಲೇ ನನ್ನ ಮುಖ ನೋಡಿ ಕೇಳಿ."

ಯಾರೂ ಕೇಳಲಿಲ್ಲ. ಬೆಹ್ನೂಶ್ ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ವರ್ಷಗಟ್ಟಲೆ ಪಟ್ಟಿಯ ಕಾಗದ ಬದಲಿಸಿದ್ದರು, ದ್ರವ ಬದಲಿಸಿದ್ದರು, ಸೂಜಿ ಬದಲಿಸಿದ್ದರು. ಪ್ರಶ್ನೆಯನ್ನು ಬದಲಿಸಬೇಕು ಎಂದು ಅವರಿಗೂ ಹೊಳೆದಿರಲಿಲ್ಲ, ಕೇಳಿದವಳಿಗೂ ಹೊಳೆದಿರಲಿಲ್ಲ. ಆಮೇಲೆ ಹೆರಿಗೆ ಡಾಕ್ಟರಿಗೆ ಹೇಳಿದರು, "ನನ್ನ ಪಟ್ಟಿ ನಂಬಬಹುದು. ಹಾಸಿಗೆ ಕೊಡಿ."

ಮದ್ದು ಕೊಟ್ಟ ಕೆಲವು ಗಂಟೆಗೆ ಡಾಕ್ಟರು ಹೇಳಿದ್ದ ನಡುಕ ಬಂತು. ಕಬ್ಬಿಣದ ಮಂಚ ಗೋಡೆಗೆ ಬಡಿಯಿತು. ತರಾನೆಯ ಹಲ್ಲು ಕಟಕಟ ಎಂದವು, ಕಣ್ಣು ಮೇಲಾಯಿತು, "ಅತ್ತೆ, ಬಿಡಬೇಡಿ, ಬಿಡಬೇಡಿ" ಎಂದಳು. ಸೆನೂಬರ್ ಭುಜ ಹಿಡಿದಿದ್ದಳು, ಗುಲೆಂದಾಮ್ ಎರಡೂ ಪಾದಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ನರ್ಸು ಮತ್ತೆ ಮತ್ತೆ ಬಂದು ಹೊಟ್ಟೆಗೆ ಯಂತ್ರ ಹಚ್ಚುವಳು, ಆಲಿಸುವಳು, ತಲೆಯಾಡಿಸಿ ಹೋಗುವಳು. ಒಂದು ಸಲ ಆಲಿಸಿದವಳು ಬಹಳ ಹೊತ್ತು ತಲೆಯಾಡಿಸಲಿಲ್ಲ. ಸೆನೂಬರಳ ಬದುಕಿನಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ. ಕಾಲು ಓಡು ಎನ್ನುತ್ತಿತ್ತು, ಕೈ ಬಿಡುವಂತಿರಲಿಲ್ಲ. ಆಮೇಲೆ ನರ್ಸು, "ಮಗು ಮಗ್ಗುಲು ಬದಲಾಯಿಸಿತ್ತು, ಅಷ್ಟೇ. ಇದೆ, ಚೆನ್ನಾಗಿದೆ" ಎಂದಳು.

ಸಂಜೆಗೆ ನಡುಕ ಇಳಿಯಿತು. ಎರಡನೆಯ ಜ್ವರ ಬರಬೇಕಾದ ದಿನ ಬಂತು, ಹೋಯಿತು, ಜ್ವರ ಬರಲಿಲ್ಲ. ಮೊದಲ ಹಿಮ ಬೀಳುವ ಹೊತ್ತಿಗೆ ತರಾನೆ ಮಿಯಾನೆಯಲ್ಲೇ ಗಂಡು ಹೆತ್ತಳು. ಟೋಪಿ ದೊಡ್ಡದಾಗಿತ್ತು, ಕಣ್ಣಿನವರೆಗೆ ಇಳಿಯುತ್ತಿತ್ತು.

ಮೇಲಿನವರಿಗೆ ಕಾರಣ ಬರೆದು ಕಳಿಸಲು ಬೆಹ್ನೂಶರಿಗೆ ಒಬ್ಬ ಮುದುಕಿಯ ಮಾತು ಸಾಲದು. ಸೆನೂಬರ್ ಮತ್ತೆ ಚೀಲ ಹೆಗಲಿಗೇರಿಸಿದಳು. ಈ ಸಲ ಹುಳದ ಹೆಸರು ಎತ್ತಲಿಲ್ಲ. "ನಿಮ್ಮ ಮನೇಲಿ ಹಲ್ಲು ಜ್ವರ ಹೋಗಿ ಮತ್ತೆ ಬಂದ ಮಗು ಇತ್ತಾ?" ಎಂದು ಮಾತ್ರ ಕೇಳಿದಳು. ಆಸ್ಪತ್ರೆಯ ಸುದ್ದಿ ಅವಳಿಗಿಂತ ಮುಂಚೆ ಪ್ರತಿ ಬಾಗಿಲು ತಲುಪಿತ್ತು. ಹೌದು ಎಂದವರಿಲ್ಲ, ಇಲ್ಲ ಎಂದವರೂ ಇಲ್ಲ. ಹೆಂಗಸರು ಒಂದು ಸಲ ಬೀದಿ ನೋಡಿ, ಬಾಗಿಲು ಅರ್ಧ ಮುಚ್ಚಿ, ಒಂದು ಹೆಸರು ಹೇಳಿದರು. ಕೆಲವರು ಎರಡು ಹೇಳಿದರು. ಸೆನೂಬರ್ ಬರೆದುಕೊಂಡಳು.

ಕೊನೆಗೆ ತಾವೂಸಳ ಮನೆ. ಮುದುಕಿ ಹೊಸ್ತಿಲಲ್ಲೇ ಕೂತಿದ್ದಳು, ಚಪ್ಪಲಿ ಕಾಲಲ್ಲೇ ಇತ್ತು. ಪ್ರಶ್ನೆ ಮುಗಿಯುವ ಮೊದಲೇ, "ಅಯಾಜ್" ಎಂದಳು. ಆಮೇಲೆ, "ನಡೆಯೋಕೆ ಕಲಿತಿದ್ದ" ಎಂದಳು. ಸೆನೂಬರ್ ಬರೆದು, ಚೀಲ ಮುಚ್ಚಿ, ಹೊರಡಲು ತಿರುಗಿದಳು.

"ನಿಲ್ಲು. ನಿನ್ನದೂ ಒಂದು ಹೋಗಿತ್ತಲ್ಲ. ಅದರ ಹೆಸರು ಬರ್ಕೊಂಡ್ಯಾ?"

"ಇಟ್ಟಿರಲಿಲ್ಲ."

"ಇಡಬೇಕು ಅಂದ್ಕೊಂಡಿದ್ದೆ ತಾನೇ?"

ಆ ಹೆಸರನ್ನು ಸೆನೂಬರ್ ಹೈಬತ್‌ಗೂ ಹೇಳಿರಲಿಲ್ಲ. ತಾವೂಸ್ ಪಕ್ಕಕ್ಕೆ ಸರಿದು ಹೊಸ್ತಿಲಲ್ಲಿ ಜಾಗ ಮಾಡಿ, ಕೈಯಿಂದ ನೆಲ ಒರೆಸಿದಳು. "ಕೂತ್ಕೊಂಡು ಹೇಳು."

ಸೆನೂಬರ್ ಕೂತಳು. ಒಳಗಿನಿಂದ ಚಹಾ ಬಂತು. ಅವಳು ಅದನ್ನು ಕುಡಿದು ಮುಗಿಸುವವರೆಗೂ ಏಳಲಿಲ್ಲ.